ಸಲ್ಕಿನಳ ಬೆನ್ನು

ಬಿಶ್ಕೆಕ್
ಫೆಬ್ರವರಿ ೩, ೨೦೨೩

ಆಪಾ,

ಫೋನಿನಲ್ಲಿ ನಾನು ಕಿರುಚುವುದು, ನೀನು "ಏನು? ಏನಂದೆ?" ಎನ್ನುವುದು ಸಾಕಾಗಿದೆ. ನಿನ್ನ ಬಲಗಿವಿ ಹೋಗಿದೆ, ಎಡಗಿವಿಗೆ ತಾಳ್ಮೆಯಿಲ್ಲ. ಇನ್ನು ಕಾಗದವೇ ಸರಿ. ವ್ಯಾನಿನ ಬೈಶೆನ್ ಕೈಯಲ್ಲಿ ಕಳಿಸುತ್ತಿದ್ದೇನೆ. ಉತ್ತರವನ್ನೂ ಅವನ ಕೈಗೇ ಕೊಡು.

ಟಿವಿಯ ನನ್ನ ಕಾರ್ಯಕ್ರಮಕ್ಕೆ ಈ ವಸಂತದಲ್ಲಿ ಹನ್ನೆರಡು ವರ್ಷ. ಕಾದಂಬರಿ, ಸಿನಿಮಾ, ಧಾರಾವಾಹಿಗಳಲ್ಲಿ ಊರಿನ ಅಳತೆಗೆ ಹೊಂದದೆ ಬದುಕಿದ ಪಾತ್ರಗಳ ಬಗ್ಗೆ ಇಷ್ಟು ವರ್ಷ ಮಾತಾಡಿದ್ದೇನೆ. ಈಗ ಅದೆಲ್ಲ ಪುಸ್ತಕವಾಗುತ್ತಿದೆ. ಮೊದಲ ಅಧ್ಯಾಯ 'ಉಪ್ಪುಕಣಿವೆ' ಚಿತ್ರದ ಸಲ್ಕಿನ್ ಬಗ್ಗೆ. ಮದುವೆ ಒಲ್ಲದೆ ಗಂಡಸಿನ ಉಡುಪು ತೊಟ್ಟು ಕುದುರೆ ಕದಿಯುವ ಆ ಹೆಣ್ಣು. ಚಿತ್ರ ಬಂದು ನಲವತ್ತು ವರ್ಷವಾಯಿತೆಂದು ಮೇ ತಿಂಗಳಲ್ಲಿ ನಿರ್ದೇಶಕ ತಾಶ್ತಾನ್ ಉಮೆತೊವ್ ಅವರಿಗೆ ದೊಡ್ಡ ಪ್ರಶಸ್ತಿ ಕೊಡುತ್ತಾರೆ. ವೇದಿಕೆಯಲ್ಲಿ ಅವರನ್ನು ಮಾತಾಡಿಸುವವಳು ನಾನೇ! ಕಳೆದ ವಾರ ಅವರ ಮನೆಗೆ ಹೋಗಿದ್ದೆ. ಎಂಬತ್ತಾಗಿದೆ. ಚಿತ್ರೀಕರಣದಲ್ಲಿ ಕುದುರೆ ಒದ್ದು ಸೊಟ್ಟಗಾದ ಬಾಯಲ್ಲೇ ಎಷ್ಟು ಚೆನ್ನಾಗಿ ನಗುತ್ತಾರೆ.

ಆ ಚಿತ್ರದ ಕುದುರೆಗಳನ್ನು ನೋಡಿಕೊಂಡವಳು ನೀನು ಎಂದು ಅಪ್ಪ ಒಮ್ಮೆ ಹೇಳಿದ್ದ. ನೆನಪಿರುವುದನ್ನು ಬರೆ. ಚಾವಟಿಯ ದೃಶ್ಯದ ಬಗ್ಗೆ ನಾನು ಬರೆದದ್ದು ಇದು:

"ಊರವರೆದುರು ಸಲ್ಕಿನಳನ್ನು ಕಂಬಕ್ಕೆ ಕಟ್ಟಿ ಹೊಡೆಯುತ್ತಾರೆ. ಅವಳ ಮುಖ ನಮಗೆ ಕಾಣುವುದಿಲ್ಲ, ಬೆನ್ನು ಮಾತ್ರ. ಆ ಬೆನ್ನು ಕುಗ್ಗುವುದಿಲ್ಲ. ಏಟನ್ನು ಅವಳು ಸಂಗೀತದಂತೆ ಸ್ವೀಕರಿಸುತ್ತಾಳೆ. ಕುದುರೆಯೊಡನೆ ಅವಳು ನೆಲಕ್ಕುರುಳುವ ದೃಶ್ಯದಷ್ಟೇ ಇದೂ ಶುದ್ಧ ಕಾವ್ಯ."

ಹೇಗಿದೆ?

ನಿನ್ನ ಮಗಳು,
ಬೇಗಿಮಾಯ್


ತೆರೆಕ್-ಬಾಷ್
ಫೆಬ್ರವರಿ ೧೯

ಮಗಳೇ,

ಕಾಗದ ಬಂತು. ಹುಲ್ಲು ಮಾರ್ಚ್ ಕೊನೆಯವರೆಗೆ ಸಾಲುವುದು ಅನುಮಾನ. ಕಂದು ಹೆಣ್ಣುಕುದುರೆ ಈ ಸಲ ಬೇಗ ಈಯುವಂತಿದೆ. ಬತ್ಮಾಳಿಗೆ ಮೊಣಕಾಲು ನೋವು. ಆದರೂ ದಿನಕ್ಕೆರಡು ಸಲ ಬೇಲಿ ದಾಟಿ ಬಂದು ನನ್ನ ಚಹಾಕ್ಕೆ ಹಾಲು ಕಡಿಮೆ ಎಂದು ಬೈದು ಹೋಗುತ್ತಾಳೆ.

ಸಿನಿಮಾ ನನಗೆ ತಿಳಿಯದು. ಕುದುರೆಯ ಕಾಲು ತಿಳಿಯುತ್ತದೆ. ನೀನು ಕಾವ್ಯ ಎಂದು ಬರೆದಿರುವ ಕುದುರೆ ಅಭಿನಯಿಸುತ್ತಿರಲಿಲ್ಲ. ಅದಕ್ಕೆ ಚಾಬ್ದಾರ್ ಎಂದು ಹೆಸರಿತ್ತು.

ಆ ಬೆನ್ನಿನ ಬಗ್ಗೆ ಬರೆಯಬೇಡ.

ಕಾಲಿಪಾ


ಬಿಶ್ಕೆಕ್
ಮಾರ್ಚ್ ೨

ಆಪಾ,

"ಬರೆಯಬೇಡ" ಅಂದರೆ ಏನರ್ಥ? ಹನ್ನೆರಡು ವರ್ಷದಲ್ಲಿ ನನ್ನ ಒಂದು ಕಾರ್ಯಕ್ರಮವನ್ನಾದರೂ ನೀನು ಚೆನ್ನಾಗಿದೆ ಎಂದಿದ್ದೀಯಾ? ಬೆಟ್ಟದ ಮೇಲೆ ಒಂಟಿಯಾಗಿ ಬದುಕುವ ಆ ಧಾರಾವಾಹಿಯ ಹೆಂಗಸಿನ ಬಗ್ಗೆ ನಾನು ಅರ್ಧ ಗಂಟೆ ಮಾತಾಡಿದಾಗ ನೀನು ಕೇಳಿದ್ದು ಒಂದೇ ಪ್ರಶ್ನೆ: "ಅವಳ ಬಟ್ಟೆ ಒಗೆಯೋರ್ಯಾರು?" ಸ್ಟುಡಿಯೋದವರು ಇವತ್ತಿಗೂ ಅದನ್ನು ಹೇಳಿ ನಗುತ್ತಾರೆ. ನಾನೂ ನಕ್ಕಿದ್ದೆ. ಆದರೆ ಮನೆಗೆ ಹೋಗಿ ಅತ್ತಿದ್ದೆ.

ನಾನು ಮಾಡುವುದು ನಿನಗೆ ಮಾತಿನ ಮಲ್ಲತನ. ನನಗೆ ಅದು ಬದುಕು. ಬೇಡ ಎನ್ನುವುದಾದರೆ ಕಾರಣ ಹೇಳು. ಚಾಬ್ದಾರ್ ಯಾರು? ಆ ನಟಿಯ ಬೆನ್ನಿಗೂ ನಿನಗೂ ಏನು ಸಂಬಂಧ?

ಬೇಗಿಮಾಯ್


ತೆರೆಕ್-ಬಾಷ್
ಮಾರ್ಚ್ ೨೮

ಮಗಳೇ,

ನಾಲ್ಕು ಸಲ ಬರೆದು ಒಲೆಗೆ ಹಾಕಿದೆ. ಇದು ಐದನೆಯದು.

ಆ ಬೆನ್ನು ನಟಿಯದಲ್ಲ, ನನ್ನದು.

ನನಗಾಗ ಇಪ್ಪತ್ತೊಂದು. ನಮ್ಮ ಕುದುರೆ ಫಾರಮ್ಮಿನ ಹುಡುಗಿಯರಲ್ಲಿ ನನ್ನಷ್ಟು ಚೆನ್ನಾಗಿ ಸವಾರಿ ಮಾಡುವವರಿರಲಿಲ್ಲ. ರಾಜಧಾನಿಯ ನಟಿಗೆ ಕುದುರೆ ಎಂದರೆ ಭಯ. ದೂರದ ದೃಶ್ಯಗಳಲ್ಲಿ, ಬೆನ್ನು ಕಾಣುವ ದೃಶ್ಯಗಳಲ್ಲಿ ಅವಳ ಬಟ್ಟೆ ತೊಟ್ಟವಳು ನಾನು. ಖುಷಿಯಾಗಿಯೇ ತೊಟ್ಟೆ.

ಇಳಿಜಾರಿನಲ್ಲಿ ನಾಗಾಲೋಟದಲ್ಲಿ ಬಾ ಎಂದ ತಾಶ್ತಾನ್. ಬಂದೆ. ಚಾಬ್ದಾರಿನ ಮುಂಗಾಲುಗಳಿಗೆ ತೆಳ್ಳನೆಯ ಉಕ್ಕಿನ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಹುಲ್ಲಿನಲ್ಲಿ ಹೂತ ಗೂಟಕ್ಕೆ ಬಿಗಿದಿದ್ದರು. ನನಗೆ ಹೇಳಿರಲಿಲ್ಲ. ಹೇಳಿದರೆ ನಾನು ಮೊದಲೇ ಜಾರಿಕೊಳ್ಳುತ್ತೇನೆ, ಬೀಳುವುದು ನಿಜ ಅನ್ನಿಸುವುದಿಲ್ಲ ಎಂದು ಅವನ ಲೆಕ್ಕಾಚಾರ. ಹಗ್ಗ ಬಿಗಿಯಿತು. ಎರಡೂ ಕಾಲು ಮುರಿದವು, ಆ ಸದ್ದು ಕೇಳಿಸಿತು. ನನ್ನ ಬಲಗಿವಿ ಕೊನೆಯದಾಗಿ ಕೇಳಿದ್ದು ಅದನ್ನೇ. ತಲೆ ಕಲ್ಲಿಗೆ ಬಡಿದಿತ್ತು. ಚಿಕ್ಕವಳಿದ್ದಾಗ ಕುದುರೆ ಒದ್ದಿತು ಎಂದು ನಿನಗೆ ಹೇಳಿದ್ದು ಸುಳ್ಳು.

ಚಾಬ್ದಾರ್ ಮುರಿದ ಕಾಲುಗಳ ಮೇಲೇ ಏಳಲು ನೋಡುತ್ತಿತ್ತು. ತಾಶ್ತಾನ್ ಕೂಗುತ್ತಿದ್ದ, "ನಿಲ್ಲಿಸ್ಬೇಡ್ರೋ! ಕಣ್ಣು ಹಿಡೀರಿ, ಅದರ ಕಣ್ಣು ಹಿಡೀರಿ!" ಯಾರೂ ಕುದುರೆಯ ಹತ್ತಿರ ಬರಲಿಲ್ಲ. ಕಿವಿಯಿಂದ ರಕ್ತ ಸುರಿಯುತ್ತಿದ್ದ ನಾನೇ ಅಡುಗೆಯವನ ಸೊಂಟದಿಂದ ಚಾಕು ಕಿತ್ತು ಅದರ ಕತ್ತು ಕೊಯ್ದೆ. ಅದು ಸಾಯುವವರೆಗೂ ಹಣೆಗೆ ಹಣೆ ಹಚ್ಚಿ ಕೂತಿದ್ದೆ. ಅದನ್ನೂ ಚಿತ್ರೀಕರಿಸಿದ, ಮಗಳೇ. ಆಮೇಲೆ ಕತ್ತರಿಸಿ ಬಿಸಾಡಿದನಂತೆ. ಹೆಚ್ಚಾಯಿತು ಅನ್ನಿಸಿತಂತೆ.

ನಾಲ್ಕು ದಿನ ಬಿಟ್ಟು ಚಾವಟಿಯ ದೃಶ್ಯ. ಒಂದೇ ಏಟು, ಅದೂ ಗಾಳಿಗೆ ಎಂದಿದ್ದರು. ಕಂಬಕ್ಕೆ ಕಟ್ಟಿ ಬೆನ್ನ ಮೇಲಿನ ಅಂಗಿ ಹರಿದರು. ಸುತ್ತ ಫಾರಮ್ಮಿನ ನಲವತ್ತು ಜನರನ್ನು ಹಳೆಯ ಕಾಲದ ಬಟ್ಟೆ ತೊಡಿಸಿ ನಿಲ್ಲಿಸಿದ್ದರು. ನಟ ಮೆತ್ತಗೆ ಬೀಸಿದ. ತಾಶ್ತಾನ್ ರೇಗಿದ.

"ನೊಣ ಓಡಿಸ್ತಿದೀಯೇನೋ? ಕೊಡಿಲ್ಲಿ! ನಿನ್ನ ಕೋಟೂ ಬಿಚ್ಚು!"

"ತಾಶ್ತಾನಣ್ಣ, ಒಂದೇ ಅಂದಿದ್ರಿ," ಎಂದೆ ನಾನು.

"ಬಾಯ್ಮುಚ್ಚೇ. ನಿನ್ನ ಬೆನ್ನು ಸಾಕು ನನಗೆ."

ಏಳು ಏಟು. ಮೂರನೆಯದಕ್ಕೆ ಚರ್ಮ ಕಿತ್ತು ಬಂತು. ಅಳ್ಳಾಡಿದರೆ ಮತ್ತೆ ಮೊದಲಿನಿಂದ ಹೊಡೆಯುತ್ತೇನೆ ಎಂದ. ಅದಕ್ಕೇ ನನ್ನ ಬೆನ್ನು ಕುಗ್ಗಲಿಲ್ಲ. ನೀನು ಬರೆದ ಸಂಗೀತ ಅದೇ.

ಬಿಚ್ಚಿದ ಮೇಲೆ ಹೊಳೆಗೆ ಹೋಗಿ ತೊಳೆದುಕೊಂಡೆ. ಬೇರೆ ಅಂಗಿ ತೊಟ್ಟೆ. ಚಾಬ್ದಾರಿನ ಜೀನು ಅಲ್ಲೇ ಬೇಲಿಯ ಮೇಲಿತ್ತು. ಕಾಲಿಡುವ ಅದರ ಕಬ್ಬಿಣದ ರಿಕಾಪು ಬಿಚ್ಚಿಕೊಂಡು ಡೇರೆಯೊಳಗೆ ಹೋದೆ. ಅವನು ಕುದುರೆಹಾಲಿನ ಕುಮಿಸ್ ಕುಡಿಯುತ್ತಿದ್ದ. ನನ್ನನ್ನು ನೋಡಿ "ಬಾ ಬಾ, ಅದ್ಭುತವಾಗಿ ಬಂದಿದೆ" ಎಂದ. ಬಾಯಿಯ ಮೇಲೇ ಹೊಡೆದೆ. ದವಡೆ ಮುರಿಯಿತು. ಹಲ್ಲುಗಳು ಬಟ್ಟಲಿಗೆ ಬಿದ್ದವು. ಎರಡನೆಯ ಏಟಿಗೆ ಕೈ ಎತ್ತುವಷ್ಟರಲ್ಲಿ ಹತ್ತು ಜನ ಹಿಡಿದು ತಿರುಚಿದರು, ಭುಜದ ಕೀಲು ತಪ್ಪಿತು. ನನಗೆ ಬಿದ್ದ ಏಳು ಏಟಿಗೆ ಏಳದ ಕೈಗಳು ನನ್ನ ಒಂದೇ ಏಟಿಗೆ ಎದ್ದವು.

ಎರಡು ವರ್ಷ ಜೈಲು. ನಿನ್ನ ಅಪ್ಪ ಶರ್ಶೆನ್ ಆಗ ಚಿತ್ರತಂಡದ ಲಾರಿ ಓಡಿಸುತ್ತಿದ್ದ. ಠಾಣೆಗೆ ನನ್ನನ್ನು ಒಯ್ದದ್ದು ಅವನ ಲಾರಿಯೇ. ಆಮೇಲೆ ತಿಂಗಳಿಗೊಮ್ಮೆ ಜೈಲಿಗೆ ಒಣಮೊಸರಿನ ಉಂಡೆ, ಉಣ್ಣೆಯ ಕಾಲುಚೀಲ ತಂದು ಕೊಟ್ಟ. ಬಿಡುಗಡೆಯಾದ ವರ್ಷವೇ ಅವನನ್ನು ಮದುವೆಯಾದೆ.

ಊರಿನಲ್ಲಿ ಇದನ್ನು ನಿನಗೆ ಯಾರೂ ಹೇಳಲಿಲ್ಲ, ಯಾಕೆಂದರೆ ಹೇಳುವವರು ಆ ದಿನ ತಾವು ಎಲ್ಲಿ ನಿಂತಿದ್ದೆವು ಎಂಬುದನ್ನೂ ಹೇಳಬೇಕಾಗುತ್ತದೆ.

ಕೇಳಿದೆ, ಹೇಳಿದ್ದೇನೆ. ಇದು ನಿನ್ನ ಕಾರ್ಯಕ್ರಮಕ್ಕಲ್ಲ.

ಕಾಲಿಪಾ


ಬಿಶ್ಕೆಕ್
ಏಪ್ರಿಲ್ ೯

ಆಪಾ,

ಸ್ನಾನದ ಮನೆಗೆ ನೀನು ಯಾವಾಗಲೂ ಕೊನೆಗೆ, ಒಬ್ಬಳೇ ಹೋಗುತ್ತಿದ್ದೆ. ಬೆನ್ನು ಉಜ್ಜಿಕೊಡುತ್ತೇನೆ ಎಂದು ನಾನು ಬಾಗಿಲು ತಟ್ಟಿದರೆ ಒಳಗಿಂದ ಬೈಗುಳ. ನಾನು ನಿನ್ನನ್ನು ಒರಟು ಹೆಂಗಸು ಅಂದುಕೊಂಡಿದ್ದೆ.

ಆ ದೃಶ್ಯವನ್ನು ಒಂದೊಂದೇ ಚಿತ್ರವಾಗಿ ನಿಲ್ಲಿಸಿ ನೋಡಿದೆ. ಇಷ್ಟು ವರ್ಷ ನಾನು ನೋಡಿದ್ದು ಬೆನ್ನನ್ನು. ಈ ಸಲ ಕೈ ನೋಡಿದೆ. ಮೊದಲ ಏಟಿನಲ್ಲಿ ಅದು ನಟನ ಕೈ. ಎರಡನೆಯದರಿಂದ ಕೈ ಬೇರೆ. ಬಿಸಿಲಿಗೆ ಕಪ್ಪಾದ ಮಣಿಕಟ್ಟಿನಲ್ಲಿ ಬೆಳ್ಳಗಿನ ಒಂದು ಪಟ್ಟಿ ಇದೆ, ಆಗತಾನೆ ಗಡಿಯಾರ ಬಿಚ್ಚಿಟ್ಟ ಗುರುತು. ಆ ಕಾಲದ ಅವರ ಫೋಟೋಗಳಲ್ಲೆಲ್ಲ ಆ ಕೈಯಲ್ಲಿ ಗಡಿಯಾರವಿದೆ. ನೂರು ಸಲ ನೋಡಿದ್ದ ದೃಶ್ಯ, ಆಪಾ. ಅದರ ಬಗ್ಗೆ ಕಾಲೇಜುಗಳಲ್ಲಿ ಪಾಠ ಮಾಡಿದ್ದೇನೆ.

ನಾನು ಬರೆದಿದ್ದನ್ನು ಹರಿದುಹಾಕಿದೆ. ಅಪ್ಪ ಅಲ್ಲಿದ್ದಿದ್ದರೆ ಖಂಡಿತ ತಡೆಯುತ್ತಿದ್ದ. ಪಾಪ, ಆ ಹೊತ್ತಿಗೆ ಲಾರಿ ತೆಗೆದುಕೊಂಡು ಎಲ್ಲಿಗೆ ಹೋಗಿದ್ದನೋ.

ವೇದಿಕೆಯಲ್ಲಿ ಎಲ್ಲರೆದುರು ಹೇಳುತ್ತೇನೆ. ಒಪ್ಪಿಗೆ ಕೊಡು. ಕಾಲಿಗೆ ಬೀಳುತ್ತೇನೆ.

ಬೇಗಿಮಾಯ್


ತೆರೆಕ್-ಬಾಷ್
ಏಪ್ರಿಲ್ ೨೪

ಬೇಗಿಮಾಯ್,

ಬೇಡ.

ಅವನು ಒಂದು ಸಲ ನಲವತ್ತು ಜನರೆದುರು ನನ್ನ ಅಂಗಿ ಹರಿಸಿದ. ನೀನು ಇನ್ನೊಂದು ಸಲ ದೇಶದೆದುರು ಹರಿಯಬೇಡ. ಕಂದು ಕುದುರೆ ಈದಿದೆ. ಗಂಡುಮರಿ, ನೆಟ್ಟಗಿದೆ.

ಕಾಲಿಪಾ


ಬಿಶ್ಕೆಕ್
ಮೇ ೩೦

ಆಪಾ,

ಒಂದು ಕಣ್ಣು ಮುಚ್ಚಿಕೊಂಡು ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ವಿಡಿಯೋ ನಿಮ್ಮೂರಿಗೂ ಬಂದಿರಬೇಕು. ಆದರೂ ನನ್ನ ಬಾಯಿಂದ ಕೇಳು.

ನಿನ್ನ ಹೆಸರು ಎತ್ತಬಾರದು ಎಂದೇ ಹೋಗಿದ್ದೆ. ಕೈ ಯಾರದು ಎಂದು ಮಾತ್ರ ಕೇಳಬೇಕು ಅಂದುಕೊಂಡಿದ್ದೆ. ಸಭಾಂಗಣ ತುಂಬಿತ್ತು. ಅವರು ದೊಡ್ಡ ಕುರ್ಚಿಯಲ್ಲಿ, ಬೆಳ್ಳಿ ಹಿಡಿಯ ಊರುಗೋಲು ತೊಡೆಯ ಮೇಲೆ.

"ಮೇಷ್ಟ್ರೇ, ಚಾವಟಿ ಯಾರ ಕೈಲಿತ್ತು?" ಎಂದೆ.

"ನಟನ ಕೈಲಿ. ಮತ್ತೆ, ಚಾವಟಿ ತಾನಾಗೇ ಅಭಿನಯ ಮಾಡುತ್ತಾ?" ಜನ ನಕ್ಕರು.

ಹಿಂದಿನ ಪರದೆಯ ಮೇಲೆ ಆ ಮಣಿಕಟ್ಟನ್ನು ಆಳೆತ್ತರಕ್ಕೆ ತೋರಿಸಿದೆ. "ಆ ಕಾಲದ ಹಳ್ಳಿಯವನ ಕೈಗೆ ಗಡಿಯಾರದ ಗುರುತು ಹೇಗೆ ಬಂತು?"

ನಗು ನಿಂತಿತು. ಅವರು ಪರದೆಯನ್ನು ಬಹಳ ಹೊತ್ತು ನೋಡಿದರು. ನಾಚಿಕೆಯಿಂದಲ್ಲ ಆಪಾ, ಹಳೆಯ ಗೆಳೆಯನನ್ನು ಕಂಡ ಹಾಗೆ.

"ಕಲೆ ಅಂದ್ರೆ ಹಾಲು ಕಾಯಿಸೋದಲ್ಲ ಕಣಮ್ಮ. ಒಬ್ಬ ಕುದುರೆ ಹುಡುಗಿಗೆ ನಾಲ್ಕು ಏಟು ಬಿತ್ತು. ಅದಕ್ಕೇ ನೀವೆಲ್ಲ ನಲವತ್ತು ವರ್ಷದಿಂದ ಅಳ್ತಿದೀರಿ. ಅವಳಿಗೇನು, ಹೆಸರಾ ಕುಲವಾ? ಜೈಲಲ್ಲೇ ಸತ್ತಳು ಅಂತ ಕೇಳಿದ್ದೆ."

ಅಷ್ಟೇ. ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. "ಸತ್ತಿಲ್ಲ. ತೆರೆಕ್-ಬಾಷಲ್ಲಿ ಹಾಲು ಕರೀತಿದ್ದಾಳೆ. ನಿಮ್ಮ ಬಾಯಿ ಮುರಿದಿದ್ದು ಕುದುರೆ ಅಲ್ಲ, ಅವಳು. ನಾನು ಅವಳ ಮಗಳು."

ಎಂಬತ್ತರ ಮುದುಕ ಅಷ್ಟು ಬೇಗ ಏಳುತ್ತಾನೆಂದು ಯಾರು ನೆನೆದಿದ್ದರು? ಊರುಗೋಲಿನ ಬೆಳ್ಳಿ ಹಿಡಿ ನನ್ನ ಹುಬ್ಬಿಗೆ ಬಿತ್ತು. ಎರಡನೆಯ ಏಟನ್ನು ಕೈ ಅಡ್ಡ ಹಿಡಿದು ತಡೆದೆ, ಬಲಗೈಯ ಎರಡು ಬೆರಳು ಮುರಿದವು. ಮೂರನೆಯದು ಭುಜಕ್ಕೆ. ಮೊದಲ ಸಾಲಿನ ಗಣ್ಯರು ಕೂತೇ ಇದ್ದರು. ಕೊನೆಗೆ ದೀಪ ಹಿಡಿಯುವ ಹೆಂಗಸೊಬ್ಬಳು ಓಡಿಬಂದು ಅವನನ್ನು ಹಿಂದಿನಿಂದ ತಬ್ಬಿ ಎಳೆದಳು. ಹುಬ್ಬಿಗೆ ಒಂಬತ್ತು ಹೊಲಿಗೆ.

ಮರುದಿನ ಚಾನೆಲ್ಲಿನವರು ಕಾರ್ಯಕ್ರಮ ನಿಲ್ಲಿಸಿದರು. ಪ್ರಶಸ್ತಿಯನ್ನು ಅವನ ಮನೆಗೇ ಒಯ್ದು ಕೊಟ್ಟರಂತೆ.

ನಿನ್ನ ಮಾತು ಮೀರಿದೆ. ನೋವಿನ ಭರದಲ್ಲಿ ಅಲ್ಲ, ಏಟು ಬೀಳುವ ಮೊದಲೇ ಮೀರಿದೆ. ಅವನ ಸೋದರಳಿಯ ಫೋನ್ ಮಾಡಿ "ನಿಮ್ಮಮ್ಮನ ಊರು ಗೊತ್ತಾಯ್ತು" ಎಂದು ಇಟ್ಟುಬಿಟ್ಟ. ಬಾಗಿಲು ಭದ್ರವಾಗಿ ಹಾಕಿಕೋ. ಬತ್ಮಾ ಅಕ್ಕನನ್ನು ಜೊತೆಗಿಟ್ಟುಕೋ. ನಾನು ಬರಲೇ?

ಬೇಗಿಮಾಯ್


ತೆರೆಕ್-ಬಾಷ್
ಜೂನ್ ೧೪

ಬೇಗಿಮಾಯ್,

ನಿನ್ನ ಮೇಲೆ ಸಿಟ್ಟಿದೆ. ಇನ್ನೂ ಇರುತ್ತದೆ. ಹೊಲಿಗೆ ಬಿಚ್ಚಿದರೇ? ಟೋಪಿ ಉಜ್ಜದಂತೆ ನೋಡಿಕೋ.

ಅವರು ಮೊನ್ನೆ ಬಂದರು. ಬಿಳಿ ಕಾರು, ಇಬ್ಬರು. ಸೋದರಳಿಯ ಮತ್ತು ಅವನ ಜೊತೆ ಕತ್ತೇ ಇಲ್ಲದ ದಪ್ಪಗಿನವನೊಬ್ಬ. ನಾನು ಅಂಗಳದಲ್ಲಿ ಮರಿಗೆ ಹಾಲು ಬಿಡುತ್ತಿದ್ದೆ. ಬೊಗಳಿದ ನಾಯಿಯನ್ನು ದಪ್ಪಗಿನವನು ಬೂಟಿನಲ್ಲಿ ಒದ್ದ ರಭಸಕ್ಕೆ ಅದು ಮತ್ತೆ ಏಳಲಿಲ್ಲ. ಸೋದರಳಿಯ ಒಂದು ಹಾಳೆ ಚಾಚಿದ. ಅಂಥದ್ದೇನೂ ನಡೆದಿಲ್ಲ, ಮಗಳಿಗೆ ತಲೆ ಕೆಟ್ಟಿದೆ ಎಂದು ಬರೆದಿತ್ತು.

"ಸಹಿ ಹಾಕಜ್ಜಿ, ನಿನ್ನ ಪಾಡಿಗೆ ನೀನಿರು."

"ಕನ್ನಡಕ ಒಳಗಿದೆ," ಎಂದೆ.

"ಹೆಬ್ಬೆಟ್ಟು ಸಾಕು." ದಪ್ಪಗಿನವನು ನನ್ನ ಕೈ ಹಿಂದಕ್ಕೆ ತಿರುಚಿದ. ಅಂದು ಕೀಲು ತಪ್ಪಿದ್ದ ಭುಜವೇ, ಮತ್ತೆ ತಪ್ಪಿತು. ಮೊಣಕಾಲೂರಿ ಬಿದ್ದೆ. ಅವನು ನನ್ನ ಹೆಬ್ಬೆರಳಿಗೆ ಮಸಿ ಹಚ್ಚುತ್ತಿದ್ದ.

ಆಗ ಬೇಲಿ ಮುರಿದ ಸದ್ದು. ಬತ್ಮಾ! ಎಪ್ಪತ್ತೆರಡರ ಹೆಂಗಸು, ಮೊಣಕಾಲು ನೋವಿನವಳು, ಕೈಯಲ್ಲಿ ಹುಲ್ಲಿನ ಕವೆಗೋಲು. ದಪ್ಪಗಿನವನ ತೊಡೆಗೆ ಇರಿದಳು. ಮೂರು ಹಲ್ಲೂ ಒಳಗೆ ಹೋದವು. ಸೋದರಳಿಯ ಓಡಿದ. ಬಿದ್ದವನನ್ನು ಅವಳು ಕೋಲಿನ ಹಿಡಿಯಿಂದ ಬಡಿಯುತ್ತಲೇ ಇದ್ದಳು, ಮುಖಕ್ಕೆ, ಪಕ್ಕೆಗೆ, ಮುಖಕ್ಕೆ. ನಾನೇ ಒಂದು ಕೈಯಲ್ಲಿ ಅವಳ ಸೊಂಟ ಹಿಡಿದೆ.

"ಸಾಕು ಬಿಡೇ ಬತ್ಮಾ, ಸಾಯ್ತಾನೆ!"

"ಸಾಯ್ಲಿ! ಬಿಡೇ ನನ್ನ! ಆವತ್ತು ನಿಂತಿದ್ದೆ, ಇವತ್ತೂ ನಿಂತ್ಕೊಳ್ಳಾ?"

ಆಮೇಲೆ ಅವಳು ಅಂಗಳದಲ್ಲೇ ಕೂತು ಎದೆ ಬಡಿದುಕೊಂಡು ಅತ್ತಳು. ಬೀದಿಯವರೆಲ್ಲ ಬಂದರು. ಅವನ ತೊಡೆಗೆ ನನ್ನ ತಲೆವಸ್ತ್ರ ಬಿಗಿದು ಕಟ್ಟಿದೆವು. ಬೈಶೆನ್ ತನ್ನ ವ್ಯಾನಿನಲ್ಲಿ ಅವನನ್ನೂ ನನ್ನನ್ನೂ ಒಂದೇ ಆಸ್ಪತ್ರೆಗೆ ಒಯ್ದ. ದಾರಿಯುದ್ದಕ್ಕೂ ಅವನು "ಅಮ್ಮಾ, ಅಮ್ಮಾ" ಎನ್ನುತ್ತಿದ್ದ. ಬದುಕುತ್ತಾನೆ. ಕಾಲು ಮಾತ್ರ ಎಳೆಯುತ್ತದೆ. ಪೊಲೀಸರ ಮುಂದೆ ಬೀದಿಯ ಹದಿನೇಳು ಜನ ಹೇಳಿಕೆ ಕೊಟ್ಟರು, ಬತ್ಮಾ ಇರಿದದ್ದು ನನ್ನನ್ನು ಉಳಿಸಲು ಎಂದು. ನಾನೂ ನಲವತ್ತು ವರ್ಷದ ಹಿಂದಿನದರಿಂದ ಹಿಡಿದು ಎಲ್ಲವನ್ನೂ ಹೇಳಿ ಬರೆಸಿದೆ. ಈ ಸಲ ಹೆಬ್ಬೆಟ್ಟಲ್ಲ, ಸಹಿ ಹಾಕಿದೆ.

ನಿನ್ನ ಆ ಸಿನಿಮಾದಲ್ಲಿ ಮೊದಲ ಸಾಲಿನಲ್ಲಿ ಬಿಳಿ ತಲೆವಸ್ತ್ರದವಳು ಬತ್ಮಾ.

ಈಗ ಬರಬೇಡ. ಸಿಟ್ಟು ಇಳಿದ ಮೇಲೆ ಹೇಳುತ್ತೇನೆ.

ಕಾಲಿಪಾ


ಬಿಶ್ಕೆಕ್
ಜುಲೈ ೬

ಆಪಾ,

ಬತ್ಮಾ ಅಕ್ಕನನ್ನು ಹುಡುಕಲೆಂದು ಮತ್ತೆ ಆ ದೃಶ್ಯ ಹಾಕಿದೆ. ಸಿಕ್ಕಳು. ಎಷ್ಟು ಚಿಕ್ಕವಳು! ಕೈ ಬಾಯಿಗೆ ಒತ್ತಿಕೊಂಡಿದ್ದಾಳೆ. ಆಮೇಲೆ ಒಬ್ಬೊಬ್ಬರದೇ ಮುಖ ನೋಡುತ್ತಾ ಹೋದೆ. ಬೆನ್ನು ನೋಡಿದ್ದೆ, ಕೈ ನೋಡಿದ್ದೆ, ಈ ಮುಖಗಳನ್ನು ಒಮ್ಮೆಯೂ ನೋಡಿರಲಿಲ್ಲ.

ಮೂರನೆಯ ಸಾಲು, ಎಡಕ್ಕೆ. ಟೋಪಿಯನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದ ಒಬ್ಬ ಯುವಕ. ನೆಲ ನೋಡುತ್ತಿದ್ದಾನೆ. ಐದನೆಯ ಏಟಿಗೆ ಒಮ್ಮೆ ತಲೆಯೆತ್ತುತ್ತಾನೆ, ಮತ್ತೆ ತಗ್ಗಿಸುತ್ತಾನೆ. ಚಿತ್ರವನ್ನು ದೊಡ್ಡದು ಮಾಡಿದೆ. ಆಮೇಲೆ ಯಂತ್ರ ಆರಿಸಿ ಅಡುಗೆಮನೆಯ ನೆಲದ ಮೇಲೆ ಕೂತೆ.

ಅದು ಅಪ್ಪನಲ್ಲ ಎಂದು ಬರೆ.

ಬೇಗಿಮಾಯ್


ತೆರೆಕ್-ಬಾಷ್
ಜುಲೈ ೨೧

ಬೇಗಿಮಾಯ್, ನನ್ನ ಕೂಸೇ,

ಅಪ್ಪನೇ ಅದು. ಜನ ಸಾಲದೆ ಲಾರಿಯವನಿಗೂ ಬಟ್ಟೆ ತೊಡಿಸಿ ನಿಲ್ಲಿಸಿದ್ದರು.

ಜೈಲಿಗೆ ಫಾರಮ್ಮಿನವರು ಕೆಲವರು ನೋಡಲು ಬರುತ್ತಿದ್ದರು. ಬಂದವರನ್ನೆಲ್ಲ ಒಂದೇ ಮಾತು ಕೇಳಿದೆ, ಯಾಕೆ ಸುಮ್ಮನಿದ್ದಿರಿ ಎಂದು. ಒಬ್ಬ "ನಾಟಕ ಅಂದ್ಕೊಂಡ್ವಿ" ಎಂದ. ಇನ್ನೊಬ್ಬ "ಹಿಂದೆ ನಿಂತಿದ್ದೆ, ಏನೂ ಕಾಣಿಸ್ಲಿಲ್ಲ" ಎಂದ. ಬತ್ಮಾ ಆ ದಿನ ತಾನು ಬಂದೇ ಇರಲಿಲ್ಲ ಎಂದು ಆಣೆ ಮಾಡಿದಳು. ಕೊನೆಗೆ ಶರ್ಶೆನ್ ಬಂದ. ನಡುವೆ ತಂತಿಯ ಜಾಲರಿ, ಪಕ್ಕದಲ್ಲಿ ಕಾವಲುಗಾರ್ತಿ.

"ನೀನೆಲ್ಲಿದ್ದೆ?" ಎಂದೆ.

"ಮೂರನೇ ಸಾಲಲ್ಲಿ."

"ಕಾಣ್ತಿತ್ತಾ?"

"ಎಲ್ಲಾ ಕಾಣ್ತಿತ್ತು."

"ನಾಟಕ ಅಂದ್ಕೊಂಡ್ಯಾ?"

"ಇಲ್ಲ."

"ಮತ್ತೆ ಯಾಕೋ ನಿಂತಿದ್ದೆ?"

"ಹೆದರಿದ್ದೆ," ಎಂದ. ಕ್ಷಮಿಸು ಎಂದೂ ಕೇಳಲಿಲ್ಲ.

ನಾನು ಕಾವಲುಗಾರ್ತಿಯನ್ನು ಕರೆದು ಇವನನ್ನು ಆಚೆ ಕಳಿಸು ಎಂದೆ. ಮುಂದಿನ ತಿಂಗಳು ಮತ್ತೆ ಬಂದ. ಒಂದು ವರ್ಷ ನಾನು ಅವನ ಮುಖ ನೋಡದೆ ಗಂಟು ಮಾತ್ರ ಇಸಿದುಕೊಂಡೆ. ಅವನು ಬರುವುದು ಬಿಡಲಿಲ್ಲ. ನಲವತ್ತು ಜನರಲ್ಲಿ ನನಗೆ ಸುಳ್ಳು ಹೇಳದವನು ಅವನೊಬ್ಬನೇ. ಹೊರಗೆ ಬಂದ ದಿನ ನಾನೇ ಕೇಳಿದೆ, ನನ್ನನ್ನು ಮದುವೆಯಾಗುತ್ತೀಯಾ ಎಂದು. ಅದಕ್ಕೂ ಹೆದರಿದ.

ಸಾಯುವವರೆಗೆ ಮೂವತ್ತೆರಡು ವರ್ಷ ಅವನು ನನ್ನ ಬೆನ್ನಿಗೆ ಕುರಿಯ ಕೊಬ್ಬು ಹಚ್ಚಿದ. ಚಳಿಗಾಲದಲ್ಲಿ ಗಾಯದ ಗೆರೆಗಳು ಬಿರಿಯುತ್ತವೆ. ಹಚ್ಚುವಾಗ ಮುಖ ತಿರುಗಿಸುತ್ತಿರಲಿಲ್ಲ. ಒಮ್ಮೊಮ್ಮೆ ನಾನು ನಿದ್ದೆಯ ಮಂಪರಿನಲ್ಲಿ ಅವನ ಕೈಯನ್ನು ಹೊಡೆದು ತಳ್ಳಿದ್ದೂ ಇದೆ. ಸುಮ್ಮನೆ ಕಾದು ಮತ್ತೆ ಹಚ್ಚುತ್ತಿದ್ದ.

ಅವನು ಒಳ್ಳೆಯವನೋ ಹೇಡಿಯೋ ಎಂದು ನನ್ನನ್ನು ಕೇಳಬೇಡ. ನಾನು ಬಾಳಿದ್ದೇನೆ, ವಿವರಿಸಲಾರೆ.

ಪುಸ್ತಕ ಬರೆ. ನನ್ನ ಹೆಸರು ಹಾಕು. ಚಾಬ್ದಾರಿನದೂ ಹಾಕು. ನಿನ್ನ ಅಪ್ಪನ ಹೆಸರನ್ನು ಬಿಡಬೇಡ, ಅವನು ನಿಂತಿದ್ದ ಎಂಬುದನ್ನೂ ಬಿಡಬೇಡ.

ಭಾನುವಾರ ಬೈಶೆನ್ ವ್ಯಾನಿನಲ್ಲಿ ಜಾಗವಿದೆಯಂತೆ. ಬಾ.

ನಿನ್ನ ತಾಯಿ,
ಕಾಲಿಪಾ